ಹೊಸ ಮಾನಿಟರಿನಲ್ಲಿ ಕಂಡ ಹುಡುಗಿ

"ಇದ ಹುಡುಗಿಯೇನ್ರಿ?"

ಕೇಳಿದವಳು ವರನ ತಾಯಿ ಗುಂಡಮ್ಮ. ಕೇಳಿ ಸುಮ್ಮನಾದಳೇ ಮಹಾತಾಯಿ? ಇಲ್ಲ! ಚೀಲದಿಂದ ಒಂದು ಫೋಟೋ ತೆಗೆದಳು, ಕುರ್ಚಿಯಿಂದ ಎದ್ದು ಬಂದಳು, ಅದನ್ನು ಶಾಂಭವಿಯ ಕೆನ್ನೆಯ ಪಕ್ಕಕ್ಕೇ ಹಿಡಿದಳು. ಸೀರೆಗೆ ಕುಪ್ಪಸದ ಬಟ್ಟೆ ಹೊಂದುತ್ತದೋ ಇಲ್ಲವೋ ಎಂದು ಅಂಗಡಿಯಲ್ಲಿ ನೋಡುತ್ತಾರಲ್ಲ, ಥೇಟ್ ಹಾಗೆ ಒಮ್ಮೆ ಫೋಟೋ ನೋಡಿದಳು, ಒಮ್ಮೆ ಮುಖ ನೋಡಿದಳು.

ಶಾಂಭವಿಯ ಕೈಯಲ್ಲಿ ಶಿರಾದ ತಟ್ಟೆಗಳ ಟ್ರೇ. ಕೆಳಗಿಡುವಂತಿಲ್ಲ, ಮುಖ ತಿರುಗಿಸುವಂತಿಲ್ಲ. ಹೈದರಾಬಾದಿನ ಕೂಕಟ್‌ಪಲ್ಲಿಯ ಆ ಪುಟ್ಟ ಫ್ಲ್ಯಾಟಿನ ನಡುಮನೆಯಲ್ಲಿ, ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕುತ್ತಿರುವಾಗ, ಅವಳು ಹಾಗೇ ನಿಂತಿದ್ದಳು.

"ಫೋಟೋದಾಗ ಹಾಲಿನಂಗ ಅದಾಳ. ಇಲ್ಲಿ ನೋಡಿದ್ರ ಚಹಾದ ಡಿಕಾಕ್ಷನ್!" ಗುಂಡಮ್ಮ ನಕ್ಕಳು. "ಒಬ್ಬಾಕಿನ್ನ ತೋರಿಸಿ ಇನ್ನೊಬ್ಬಾಕಿನ್ನ ಕಟ್ಟಾಕ ಹೊಂಟೀರೇನು ನಮಗ?"

"ಇಲ್ರೀ… ಇಕೀನ ನಮ್ಮ ಹುಡುಗಿ," ಶಾಂಭವಿಯ ತಾಯಿ ಗದಿಗೆಮ್ಮ ತಡವರಿಸಿದಳು. "ಬಿಸಲಾಗ ಬಸ್ಸಿಗೆ ಅಡ್ಡಾಡ್ತಾಳ್ರಿ, ಅದಕ್ಕ ಸ್ವಲ್ಪ… ಲಗ್ನ ಆದಮ್ಯಾಲ ತಿಳಿ ಆಕ್ಕಾಳ್ರಿ."

ಅಯ್ಯೋ ಅವ್ವಾ! ಶಾಂಭವಿಗೆ ಗುಂಡಮ್ಮನ ಮಾತಿಗಿಂತ ತನ್ನ ತಾಯಿಯ ಈ ಮಾತು ಹೆಚ್ಚು ಚುಚ್ಚಿತು. ಅಪ್ಪ ಸಂಗಣ್ಣನ ಕಡೆ ನೋಡಿದಳು. ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ತಲೆ ನೆರೆತ ಮನುಷ್ಯ, ಈ ದಿನಕ್ಕೆಂದೇ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡಿದ್ದ. ಬಾಯಿ ತೆರೆದ, ಮುಚ್ಚಿದ. ಅಷ್ಟೇ.

ಕೊನೆಗೆ ಶಾಂಭವಿ ವರನನ್ನೇ ನೋಡಿದಳು.

ಹುಲಗೇಶ. ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಮಣಿಕೊಂಡದಲ್ಲಿ ತಾಯಿಯ ಜೊತೆ ವಾಸ, ಮೂಲ ಕೊಪ್ಪಳದ ಕಡೆಯವನು. ಶಿರಾದ ತಟ್ಟೆ ಹಿಡಿದಿದ್ದ ಅವನ ಕೈ ನೋಡಿದಳು. ಆ ಕೈ ಅವಳ ಕೈಯಷ್ಟೇ ಕಪ್ಪಿತ್ತು!

'ಇವನದೂ ನನ್ನ ಬಣ್ಣವೇ ಅಲ್ಲವಾ… ಮಾತಾಡು ಮಾರಾಯ. ಒಂದು ಮಾತು. ಒಂದೇ ಒಂದು…'

ಆಡಿದ. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಎದ್ದು ನಿಂತ. ಅವಳ ಕಡೆ ನೋಡಲಿಲ್ಲ.

"ಅವ್ವಾ, ನಡಿ. ಹೋಗೂಣು."

ಹೋದರು. ಅವನು ಮುಟ್ಟದ ಶಿರಾದಲ್ಲಿ ಚಮಚ ನೆಟ್ಟಗೆ ನಿಂತಿತ್ತು.

ಈಗ ಇನ್ನೊಂದು ಸಂಗತಿ ಹೇಳಲೇಬೇಕು. ಗುಂಡಮ್ಮ ಕೆನ್ನೆಗೆ ಹಿಡಿದಳಲ್ಲ, ಆ ಫೋಟೋವನ್ನು ತಿದ್ದಿದ್ದು ಬೇರೆ ಯಾರೂ ಅಲ್ಲ. ಶಾಂಭವಿಯೇ!

ನಾರಾಯಣಗೂಡದಲ್ಲಿ ಹನುಮಂತರಾಯರ ಫೋಟೋ ಸ್ಟುಡಿಯೋ ಇದೆ. ಅಲ್ಲಿ ಶಾಂಭವಿಯ ಕೆಲಸವೇ ಅದು: ಲಗ್ನಕ್ಕೆ ನಿಂತ ಹುಡುಗಿಯರ ಫೋಟೋ ತಿದ್ದುವುದು. ಹೈದರಾಬಾದಿನಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಹುಡುಗ ಎಂದರೆ ಸಾಕು, ಹೆಣ್ಣು ಹೆತ್ತವರು ತುದಿಗಾಲಲ್ಲಿ ನಿಲ್ಲುತ್ತಿದ್ದರು. ಹುಡುಗನಿಗೆ ಪುರಸೊತ್ತಿಲ್ಲ, ಹಾಗಾಗಿ ಫೋಟೋ ಈಮೇಲಿನಲ್ಲೇ ಹೋಗಬೇಕು. "ಕೊಂಚೆಂ ತೆಲ್ಲಗಾ ಚೇಯಂಡಿ," ಸ್ವಲ್ಪ ಬೆಳ್ಳಗೆ ಮಾಡಿ ಎಂದು ಕೇಳದ ತಾಯಿಯೇ ಇರಲಿಲ್ಲ. ಆ ಸ್ಟುಡಿಯೋದಲ್ಲಿ 'ಜೋಡಿ ಹಾಕುವುದು' ಅಂತ ಇನ್ನೊಂದು ಉದ್ಯೋಗ. ಹುಡುಗನ ಫೋಟೋ, ಹುಡುಗಿಯ ಫೋಟೋ ಎರಡನ್ನೂ ಕತ್ತರಿಸಿ ಅಕ್ಕಪಕ್ಕ ಕೂರಿಸಿ, ಒಂದೇ ಸೋಫಾದಲ್ಲಿ ಕೂತಂತೆ ಮಾಡಿ ಕೊಡುವುದು. ಜೋಡಿ ಚೆನ್ನಾಗಿ ಕಂಡರೆ ಮಾತುಕತೆ, ಇಲ್ಲದಿದ್ದರೆ ಅಲ್ಲಿಗೇ ಬರಖಾಸ್ತು.

"ಮಂದಿ ಮಕ್ಕಳಿಗೆ ಮಾಡ್ತಿ, ನಿನಗ ಮಾಡ್ಕೊಳಾಕ ಏನು ಧಾಡಿ?" ಎಂದು ಗದಿಗೆಮ್ಮ ತಿಂಗಳುಗಟ್ಟಲೆ ಕಾಡಿದ್ದಳು. ಕೊನೆಗೆ ಶಾಂಭವಿ ಸೋತು ತನ್ನ ಮುಖಕ್ಕೆ ಒಂದಿಷ್ಟು, ನಿಜಕ್ಕೂ ಒಂದಿಷ್ಟೇ, ಬೆಳಕು ಹಾಕಿ ಸ್ಟುಡಿಯೋದಿಂದಲೇ ಮೇಲ್ ಮಾಡಿದ್ದಳು.

'ಅಷ್ಟು ಸಣ್ಣ ತಿದ್ದುಪಡಿಗೆ ಅಷ್ಟು ದೊಡ್ಡ ರಾದ್ಧಾಂತವೇ? ಫೋಟೋ ನೆಪ. ಅವರಿಗೆ ಕರಿ ಹುಡುಗಿ ಬೇಡ ಅಷ್ಟೇ. ಅವನೂ ಅಂಥವನೇ… ನಾನು ಕಪ್ಪು ಅಂತ ಎದ್ದು ಹೋದ!'

ಹೀಗೆಂದುಕೊಂಡು ಅವಳು ರಾತ್ರಿಯೆಲ್ಲ ದಿಂಬು ಕಚ್ಚಿ ಅತ್ತಳು. ಬೆಳಿಗ್ಗೆ ಗದಿಗೆಮ್ಮ ಚಹಾ ಕೊಡುತ್ತ ಅದಕ್ಕಿಂತ ದೊಡ್ಡ ಬಾಂಬು ಹಾಕಿದಳು.

"ಬೀದರಿನ ಕಡೇದು ಒಂದು ಸಂಬಂಧ ಐತಿ. ಹೇಣ್ತಿ ತೀರಿಕೊಂಡಾಳ. ಎರಡು ಮಕ್ಕಳು. ವಯಸ್ಸು ಸ್ವಲ್ಪ ಹೆಚ್ಚು."

"ಎಷ್ಟು ಹೆಚ್ಚು ಅವ್ವಾ?"

"ನಿನ್ನ ಬಣ್ಣಕ್ಕ ಹೊಂದುವಷ್ಟು!" ಗದಿಗೆಮ್ಮ ಸಿಡುಕಿದಳು. ಆಮೇಲೆ ತಾನೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರು ಮುಂದಿನ ಆದಿತ್ಯವಾರದ ಮುಂದಿನ ಆದಿತ್ಯವಾರ ಬರ್ತಾರ. ಬಂದು ನೋಡಿ, ಒಪ್ಪಿದ್ರ ಅವತ್ತ ಸಕ್ಕರಿ ಹಂಚೂದು. ಅದ ಫೋಟೋ ಕಳಸು. ಈ ಸಲ ಇಲ್ಲ ಅನ್ನಾಕ ನಿನಗೂ ಬಾಯಿಲ್ಲ, ನನಗೂ ಬಾಯಿಲ್ಲ."

ಅಪ್ಪ ಪೇಪರಿನ ಹಿಂದೆ ಅಡಗಿದ್ದ. ಹಾಗಾದರೆ ಗೊತ್ತಾಯಿತಲ್ಲ, ಶಾಂಭವಿಯ ಕೊರಳಿಗೆ ಯಾವ ತಾಳಿ ತೂಗುತ್ತಿತ್ತು ಎಂದು!

ಆ ವಾರ ಸ್ಟುಡಿಯೋಕ್ಕೆ ಹೊಸ ಕಂಪ್ಯೂಟರ್ ಬಂತು. ತೆಳ್ಳನೆಯ ಮಾನಿಟರ್, ಮಿರಮಿರ ಮಿಂಚುವ ಪರದೆ. ಹಳೆಯದು ದೊಡ್ಡ ಬೆನ್ನಿನ ಡಬ್ಬಾ. ಮಾಲೀಕ ಹನುಮಂತರಾಯರು ಹೊಸದಕ್ಕೆ ಊದುಬತ್ತಿ ಬೆಳಗಿದರು. ಆದರೆ ಫೋಟೋ ತಿದ್ದುವ ಸಾಫ್ಟ್‌ವೇರ್ ಮಾತ್ರ ಹಳೆಯದೇ ಬೇಕು.

"ಕಂಪನಿಯೋರು ಹೊಸಾದು ತೊಗೋರಿ ಅಂತಾರ. ಯಾಕ ತೊಗೋಬೇಕ್ರಿ? ನಾ ಖರೇ ಸಿ.ಡಿ. ತಂದಾಂವ, ಕಳ್ಳ ಮಾಲ ಅಲ್ಲ!" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. "ಹೊಸಾದರಾಗ ಅದನ್ನ ಹಾಕಿಕೊಡಾಕ ಕನ್ನಡ ಸಂಘದಾಗ ಒಬ್ಬ ಹುಡುಗ ಸಿಕ್ಕಾನ. ಸ್ಟುಡಿಯೋದ ಹೆಸರು ಕೇಳಿದ್ದ ತಡ, ತಾನಾಗೇ ಬರ್ತೀನಿ ಅಂದ."

ಮಧ್ಯಾಹ್ನ ಆ ಹುಡುಗ ಬಂದ. ಶಾಂಭವಿ ತಲೆ ಎತ್ತಿದಳು.

ಹುಲಗೇಶ!

ಅವಳ ಮೈಯ ರಕ್ತವೆಲ್ಲ ಮುಖಕ್ಕೆ ನುಗ್ಗಿತು. ಅವನೂ ಬಾಗಿಲಲ್ಲೇ ನಿಂತ. ಮೇಲ್ ಬಂದ ವಿಳಾಸದಲ್ಲಿ ಸ್ಟುಡಿಯೋದ ಹೆಸರಿತ್ತು, ಅವಳು ಇಲ್ಲೇ ಇದ್ದಾಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ.

"ನಮಸ್ಕಾರ್ರೀ," ಎಂದ ಕೊನೆಗೆ.

ಅವಳು ಮತ್ತೆ ಪರದೆಯತ್ತ ಮುಖ ಮಾಡಿದಳು. ಅವನು ಕೂತು, ಮಾಲೀಕರಿಗೆ ವಿವರಿಸಿದ. "ಇದನ್ನ ಸುಮ್ನ ನಕಲು ಮಾಡಿದ್ರ ನಡೆಯಂಗಿಲ್ರಿ. ಮೊದಲು ಹಳೇ ಕಂಪ್ಯೂಟರಿನಾಗ ಬಿಡಿಸಬೇಕು. ಇಂಟರ್ನೆಟ್ ಮ್ಯಾಲಿಂದ ಕಂಪನಿಗೆ ಸುದ್ದಿ ಮುಟ್ಟಬೇಕು, ಇಲ್ಲಿ ಬಿಟ್ಟಾತು ಅಂತ. ಆಮ್ಯಾಲ ಹೊಸಾದು ಹಿಡೀತೈತಿ. ಬಿಡಿಸದ ಹಳೇದನ್ನ ಮಾರಿದ್ರ ಸಾಫ್ಟ್‌ವೇರೂ ಅದರ ಕೂಡ ಹೋತು."

"ಬಿಡಿಸೂಕಿಂತ ಮೊದಲು ಹಳೇದರಾಗ ನಂದೊಂದು ಕೆಲಸ ಐತಿ," ಶಾಂಭವಿಯ ದನಿ ತಣ್ಣಗಿತ್ತು. "ಕಡೇ ಸಲ ಒಂದು ಮುಖ ತಿದ್ದಿ ನೋಡಬೇಕು. ನೀವ ಕುಂದರ್ರಿ ಆ ಸ್ಟೂಲಿನ ಮ್ಯಾಲ."

ಮಾಲೀಕರು ಹೌದೌದು ಎಂದರು. ಪಾಪ, ಅವರಿಗೇನು ಗೊತ್ತು! ಫೋಟೋಕ್ಕೆಂದು ಬಂದಿದ್ದ ತೆಲುಗು ತಾಯಿ ಮಗಳು ಬೆಂಚಿನ ಮೇಲೆ ಕೂತಿದ್ದರು. ಅವರೆದುರಿಗೇ ಶಾಂಭವಿ ಅವನಿಗೆ ದೀಪ ಹಾಕಿ, ಫೋಟೋ ತೆಗೆದು, ಅವನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿ ನಿಲ್ಲಿಸಿದಳು.

"ಇದ ಹುಡುಗನೇನ್ರಿ?" ಎಂದಳು ಜೋರಾಗಿ.

ಹುಲಗೇಶ ಬೆಚ್ಚಿದ.

"ಹಣಿ ಭಾಳ ಅಗಲ ಆತು. ಕೂದಲಾ ಹಿಂದ ಓಡಾಕತ್ತಾವು. ಮೂಗು ಎಡಕ್ಕ ಹೊಂಟೈತಿ. ಈ ಹಲ್ಲಿಗೆ ಮುಂದ ಬಾ ಅಂತ ಯಾರು ಹೇಳಿದ್ರೋ! ಇನ್ನ ಬಣ್ಣ…" ಅವಳು ಮೌಸಿನ ಬಾಣವನ್ನು ಅವನ ಕೆನ್ನೆಯ ಮೇಲೆ ತಂದಿಟ್ಟಳು. "ಚಹಾದ ಡಿಕಾಕ್ಷನ್."

ಬೆಂಚಿನ ಮೇಲಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಭಾಷೆ ತಿಳಿಯದಿದ್ದರೂ ಅವಮಾನ ತಿಳಿಯುತ್ತದಲ್ಲ.

ಹುಲಗೇಶ ಕದಲಲಿಲ್ಲ. ದೀಪದ ಬಿಸಿಗೆ ಬೆವರು ಇಳಿಯುತ್ತಿತ್ತು. "ಇನ್ನೂ ಐತೇನ್ರಿ?"

"ಐತಿ. ಬಾಯಿ. ಬಾಯಿ ಐತಿ, ಆದ್ರ ಕೆಲಸಕ್ಕ ಬರಂಗಿಲ್ಲ."

ಹನುಮಂತರಾಯರು ಕೆಮ್ಮಿದರು.

"ಖರೆ ಐತ್ರಿ," ಎಂದ ಹುಲಗೇಶ. ಸ್ಟೂಲಿನಿಂದ ಇಳಿದು ಹೋಗಿ ಹಳೆಯ ಕಂಪ್ಯೂಟರಿನ ಮುಂದೆ ಕೂತ. ಕೋಪವಿಲ್ಲ, ಎದುರುಮಾತಿಲ್ಲ.

ಶಾಂಭವಿಗೆ ಖುಷಿಯಾಗಬೇಕಿತ್ತು. ಸೇಡು ತೀರಿತ್ತಲ್ಲ! ಆಗಲಿಲ್ಲ. ಅವನ ಮುಖ ಇನ್ನೂ ಪರದೆಯ ಮೇಲಿತ್ತು, ಕಣ್ಣುಗಳು ನೇರ ಅವಳನ್ನೇ ನೋಡುತ್ತಿದ್ದವು. ತಟ್ಟನೆ ಅದನ್ನು ಮುಚ್ಚಿದಳು.

ಅವನು ಹಳೆಯದರಲ್ಲಿ ಬಿಡಿಸಿದ, ಹೊಸದರಲ್ಲಿ ಸಿ.ಡಿ. ಹಾಕಿದ, ನಂಬರು ಕೊಟ್ಟ. ಅದು ಒಪ್ಪಿಕೊಂಡಿತು. ಗಿರಾಕಿಗಳು ಹೋದರು, ಹನುಮಂತರಾಯರು ಊಟಕ್ಕೆ ಹೋದರು. ಇಬ್ಬರೇ ಉಳಿದರು.

"ನಿಮ್ಮ ಬ್ರಶ್ಶು, ಸೆಟ್ಟಿಂಗು ಬ್ಯಾರೆ ಕಡೆ ಇರ್ತಾವು. ಅವನ್ನೂ ಈ ಕಡೆ ತರಬೇಕು. ಯಾವು ಬೇಕ್ರಿ?"

"ಎಲ್ಲಾ."

ಅವನು ಒಂದೊಂದೇ ಹೆಸರು ಓದುತ್ತ ಹೋದ. "ಮೊಡವಿ. ಕಣ್ಣಡಿ ಕಪ್ಪು. ಎರಡನೇ ಗದ್ದ. ತೆಲ್ಲಗಾ." ಅಲ್ಲಿ ನಿಂತ. "ಎಲ್ಲಾ ಮಂದಿ ಬೈಗಳಾ ಅದಾವಲ್ರಿ ಇಲ್ಲಿ."

"ನನ್ನ ಅನ್ನ ಅದು."

"ಹಂಗಲ್ರಿ ನಾ…" ಅವನು ಮಾತು ನುಂಗಿಕೊಂಡ. "ಒಂದು ಹಳೇ ಫೈಲ್ ತಗದು ನೋಡ್ರಿ. ಬರೋಬ್ಬರಿ ತೆರೀತೈತೋ ಇಲ್ಲೋ."

ಶಾಂಭವಿಗೆ ಆ ಕ್ಷಣ ಒಂದು ಕ್ರೂರ ಯೋಚನೆ ಹೊಳೆಯಿತು. ಇವನನ್ನು ಇನ್ನೊಮ್ಮೆ ಚುಚ್ಚಬೇಕು. ಆಳಕ್ಕೆ ಚುಚ್ಚಬೇಕು. ಬೇಕಂತಲೇ ತನ್ನ ಫೋಟೋವನ್ನೇ ತೆರೆದಳು. "ನೋಡ್ರಿ, ಇದನ್ನ ಸ್ವಲ್ಪ, ಇಷ್ಟ ಇಷ್ಟು ತಿದ್ದಿದ್ದಕ್ಕ ನೀವು ತಾಯಿ ಮಗ ಎದ್ದು ಹೋ…"

ಅಷ್ಟರಲ್ಲಿ ಅವಳ ಕಣ್ಣು ಪರದೆಯ ಮೇಲೆ ಬಿತ್ತು.

ಹೊಸ ಮಾನಿಟರಿನಲ್ಲಿ ಯಾರೋ ಕೂತಿದ್ದಳು. ಅವಳದೇ ಹಸಿರು ಸೀರೆ, ಅವಳದೇ ಓಲೆ. ಮುಖ ಮಾತ್ರ ಸುಣ್ಣ ಬಳಿದ ಗೋಡೆ! ಹುಬ್ಬು, ಮೂಗು, ತುಟಿ ಎಲ್ಲ ಬೆಳಕಿನಲ್ಲಿ ತೇಲುತ್ತಿದ್ದವು.

"ಇದು… ಇದು ನಾ ಮಾಡಿದ್ದಲ್ಲ!"

ಓಡಿಹೋಗಿ ಹಳೆಯ ಮಾನಿಟರಿನಲ್ಲಿ ಅದೇ ಫೋಟೋ ತೆರೆದಳು. ಅಲ್ಲಿ ಸರಿಯಾಗಿಯೇ ಇತ್ತು. ಅವಳದೇ ಕಂದು ಮುಖ, ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಕೂತರೆ ಕಾಣುವಷ್ಟೇ ತಿಳಿ. ಇಲ್ಲಿ ನೋಡಿದಳು, ಅಲ್ಲಿ ನೋಡಿದಳು. ಒಂದೇ ಫೋಟೋ, ಇಬ್ಬರು ಹುಡುಗಿಯರು.

ಹುಲಗೇಶನೂ ಎದ್ದು ಬಂದು ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಳೇ ಮಾನಿಟರ್ ಸತ್ತುಹೋಗೈತ್ರಿ," ಎಂದ ಮೆಲ್ಲಗೆ. "ವರ್ಷಾನುಗಟ್ಲೆ ಉರಿದು ಮಬ್ಬಾಗೈತಿ. ನೀವು ದಿನಾ ಅದರ ಮುಂದ ಕೂಡ್ತೀರಿ, ನಿಮ್ಮ ಕಣ್ಣಿಗೆ ರೂಢಿ ಆಗೈತಿ. ಮಬ್ಬು ಕಂಡಷ್ಟೂ ಬೆಳಕು ಹಾಕ್ತಾ ಹೋಗೀರಿ. ನಮ್ಮ ಆಫೀಸಿನಾಗ ಎಲ್ಲಾ ಹೊಸಾ ಪರದೆ. ನನಗ ಕಂಡಿದ್ದು ಈ ಹುಡುಗಿ. ಪ್ರಿಂಟ್ ತಗದು ಅವ್ವಗ ಕೊಟ್ಟಿದ್ದೂ ಇದನ್ನ."

"ಆದ್ರ ಲ್ಯಾಬಿನಾಗ ನಮ್ಮ ಪ್ರಿಂಟ್ ಸರಿ ಬರ್ತಾವಲ್ಲ…" ಎನ್ನುತ್ತಲೇ ಅವಳಿಗೆ ಲ್ಯಾಬಿನ ದಿನೇಶ ನೆನಪಾದ. 'ನಿಮ್ಮ ಸ್ಟುಡಿಯೋದ ಫೈಲ್ ಬಂದ್ರ ನಾನ ಬೆಳಕು ಎರಡು ಪಾಯಿಂಟ್ ಇಳಿಸಿ ಹಾಕ್ತೀನಿ ಅಕ್ಕಾ' ಎಂದು ಅವನು ಯಾವಾಗಲೋ ಅಂದಿದ್ದ. ಅದು ಚೇಷ್ಟೆ ಎಂದುಕೊಂಡಿದ್ದಳು.

ಫೋಟೋ ಪ್ರಿಂಟಾಗಿ ಹೋದ ಹುಡುಗಿಯರು ಬಚಾವಾದರು. ಈಮೇಲಿನಲ್ಲಿ ಹೋದವರು? ಶಾಂಭವಿ ಕುರ್ಚಿಯಲ್ಲಿ ಕುಸಿದಳು. ಯಾವ ಯಾವ ಮನೆಯಲ್ಲಿ, ಯಾವ ಯಾವ ಹುಡುಗಿ, ಟ್ರೇ ಹಿಡಿದು ನಿಂತು, ಕೆನ್ನೆಗೆ ಫೋಟೋ ಹಿಡಿಸಿಕೊಂಡಳೋ! ಯಾರಿಗೂ ಗೊತ್ತಿಲ್ಲ, ಅದನ್ನು ಮಾಡಿದವಳು ತಾನೆಂದು. ಅವಳು ಕೈಗಳಲ್ಲಿ ಮುಖ ಮುಚ್ಚಿ ಬಿಕ್ಕಿದಳು.

"ನೀವು ಬೇಕಂತ ಮೋಸ ಮಾಡೀರಿ ಅಂತ ತಿಳ್ಕೊಂಡಿದ್ದೆ," ಹುಲಗೇಶ ಹೇಳಿದ. "ಸುಳ್ಳ್ಯಾಕ ಹೇಳ್ಲಿ? ಅವತ್ತು ನಿಮ್ಮನ್ನ ನೋಡಿದ ಕೂಡ್ಲೇ ನನಗೂ ಸಿಟ್ಟು ಬಂತು. ಯಾಕಿಂಗ ಮಾಡಿದ್ರಿ ಅಂತ ಕೇಳಾಕ ಇವತ್ತು ಬಂದೆ."

"ಕೇಳಬೇಕಿತ್ತಲ್ಲ!"

"ಎಲ್ಲಿ ಬಿಟ್ರಿ? ಸ್ಟೂಲಿನ ಮ್ಯಾಲ ಕುಂದ್ರಿಸಿ ತೊಗಲು ಸುಲಿದ್ರಿ." ಅವನ ತುಟಿಯಲ್ಲಿ ನಗು ಬಂದು ಹೋಯಿತು. "ಆ ದೀಪದ ಕೆಳಗ ಕುಂತಾಗ ಗೊತ್ತಾತು, ನೀವು ಅವತ್ತು ಹೆಂಗ ನಿಂತಿದ್ರಿ ಅಂತ. ಅವ್ವನ ಬಾಯಿ ಇನ್ನೂ ಬಿಚ್ಚಬಾರದು ಅಂತ ಹೋಗೂಣು ಅಂದೆ. ನಿಮ್ಮನ್ನ ಬ್ಯಾಡ ಅಂದಿದ್ದಲ್ಲ. ಮನೀಗೆ ಹೋದಮ್ಯಾಲ ನನಗ ನೆನಪಾಗಿದ್ದು ಫೋಟೋದಾಕಿ ಅಲ್ರಿ… ಟ್ರೇ ಹಿಡಕೊಂಡು ಅಳದ ನಿಂತಿದ್ರಲ್ಲ, ಆಕಿ."

ಒಂದು ಕ್ಷಣ… ಒಂದೇ ಕ್ಷಣ ಎಲ್ಲ ಮರೆತುಬಿಡಬೇಕೆನ್ನಿಸಿತು. ಆದರೆ ಅಪ್ಪನ ಇಸ್ತ್ರಿ ಅಂಗಿ ಕಣ್ಣ ಮುಂದೆ ಬಂತು.

"ನನ್ನ ತಪ್ಪು ಮಾನಿಟರಿಂದು," ಕಣ್ಣೊರೆಸಿಕೊಂಡು ಹೇಳಿದಳು. "ನಿಮ್ಮದು ಬಾಯಿದು. ಎರಡೂ ಒಂದ ಅಲ್ಲ. ಅಷ್ಟ ಮಂದಿ ಮುಂದ ನಿಮ್ಮ ಅವ್ವ ಅಂದದ್ದನ್ನ, ಇಲ್ಲಿ ಯಾರೂ ಇಲ್ಲದಾಗ ಬಂದು ನನ್ನ ಕಿವಿಯಾಗ ತೊಳೀತೀರೇನು? ಮುಂದಿನ ವಾರ ಆದಿತ್ಯವಾರ ಬೀದರಿನಿಂದ ಇನ್ನೊಬ್ಬರು ನೋಡಾಕ ಬರ್ತಾರ. ಎರಡು ಮಕ್ಕಳಿನ ತಂದಿ. ಅವರೂ ಇದ ಫೋಟೋ ಕೇಳ್ಯಾರ. ಹೋಗ್ರಿ ನೀವು."

ಅವನು ಹೋದ. ಈ ಸಲವೂ ಮಾತಾಡಲಿಲ್ಲ.

ಆ ಸಂಜೆ ಅವಳು ಮಾಡಿದ್ದು ಒಂದೇ ಕೆಲಸ. ತಿದ್ದದ ತನ್ನ ಫೋಟೋವನ್ನು, ಇದ್ದ ಬಣ್ಣದಲ್ಲೇ, ಬೀದರಿಗೆ ಕಳಿಸಿದಳು. ಅವರು 'ನಡೀತೈತಿ' ಎಂದು ಬರೆದರು! ಮನೆಯಲ್ಲಿ ಗದಿಗೆಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮಗಳ ಎದೆ ಒಳಗೊಳಗೇ ಬೇಯುತ್ತಿತ್ತು.

ಆ ಆದಿತ್ಯವಾರಕ್ಕೆ ಮೊದಲಿನ ಶುಕ್ರವಾರ. ಸ್ಟುಡಿಯೋ ತುಂಬ ಜನ. ಬಾಗಿಲಲ್ಲಿ ಒಂದು ಪರಿಚಿತ ದನಿ ಕೇಳಿಸಿತು.

"ಇಲ್ಲಿ ಜೋಡಿ ಹಾಕಿ ಕೊಡ್ತಾರಂತಲ್ಲ?"

ಗುಂಡಮ್ಮ! ಅವಳ ಹಿಂದೆ ಹುಲಗೇಶ. ಶಾಂಭವಿಯನ್ನು ನೋಡಿ ಗುಂಡಮ್ಮ ಒಮ್ಮೆ ಹುಬ್ಬೇರಿಸಿದಳು, ಆಮೇಲೆ ಮುಖದ ತುಂಬ ನಕ್ಕಳು. "ಓಹೋ! ಇಲ್ಲೇ ಏನವಾ ನಿನ್ನ ಕಾರಭಾರ? ಚಲೋ ಆತು. ನಮ್ಮ ಹುಡುಗಗ ವಾರಂಗಲ್ಲಿನ ಕಡೇದು ಒಂದು ಸಂಬಂಧ ಬಂದೈತಿ. ಬೆಣ್ಣಿಯಂಥಾ ಹುಡುಗಿ. ಇಬ್ಬರನ್ನೂ ಕೂಡಿಸಿ ತೋರಸು. ನೀನ ಮಾಡು, ನಿನ್ನ ಕೈಚಳಕ ನಮಗ ಗೊತ್ತೈತಿ!"

ಶಾಂಭವಿ ಹುಲಗೇಶನ ಕಡೆ ನೋಡಿದಳು.

"ನಾನ ಕರಕೊಂಡು ಬಂದೆ ಇಲ್ಲಿಗೆ," ಎಂದ ಅವನು.

ನೀನೇ? ಬೇಕಂತಲೇ? ಸ್ಟೂಲಿನ ಮೇಲೆ ಕೂರಿಸಿದ್ದಕ್ಕೆ ಇದಾ ಸೇಡು? ಅವಳಿಗೆ ಕಣ್ಣು ಕತ್ತಲಿಟ್ಟಿತು. ಆದರೆ ಅಳಲಿಲ್ಲ. ಗುಂಡಮ್ಮನ ಮುಂದೆ ಅಳುವುದೇ? ಸತ್ತರೂ ಇಲ್ಲ!

"ಕುಂದರ್ರಿ," ಎಂದಳು.

ಅವನು ಅದೇ ಸ್ಟೂಲಿನ ಮೇಲೆ ಕೂತ. ಅವಳು ಫೋಟೋ ತೆಗೆದಳು, ಕತ್ತರಿಸಿದಳು, ವಾರಂಗಲ್ಲಿನ ಬೆಣ್ಣೆ ಹುಡುಗಿಯ ಪಕ್ಕಕ್ಕೆ ಅವನನ್ನು ಕೂರಿಸಿದಳು. ಅವನ ಭುಜಕ್ಕೆ ಇನ್ನೊಬ್ಬಳ ಭುಜವನ್ನು ತನ್ನ ಕೈಯಾರೆ ತಾಗಿಸಿದಳು. ಹೊಸ ಮಾನಿಟರಿನಲ್ಲಿ ಜೋಡಿ ಸ್ಪಷ್ಟವಾಗಿ ಕಂಡಿತು. ಜನ ಕತ್ತು ಉದ್ದ ಮಾಡಿ ನೋಡಿದರು.

ಗುಂಡಮ್ಮನ ಮುಖ ಚಿಕ್ಕದಾಯಿತು. "ಇದೇನು, ಹುಡುಗ ಇಷ್ಟು ಕರಿ ಬಂದಾನ? ಹುಡುಗನ್ನ ಸ್ವಲ್ಪ ಬೆಳ್ಳಗ ಮಾಡು."

ಶಾಂಭವಿ ಬ್ರಶ್ ತೆಗೆದುಕೊಂಡಳು.

"ಮುಟ್ಟಬ್ಯಾಡ್ರಿ," ಹುಲಗೇಶ ಹೇಳಿದ.

ದನಿ ಜೋರಾಗಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

"ಅವ್ವಾ, ಈ ಪರದೆ ಸುಳ್ಳು ಹೇಳಂಗಿಲ್ಲ. ನಾ ಇಷ್ಟ ಕರಿ ಅದೀನಿ. ಅಪ್ಪನೂ ಇಷ್ಟ ಕರಿ ಇದ್ದ. ಅವತ್ತು ನೀ ಇಕಿ ಕೆನ್ನಿಗೆ ಫೋಟೋ ಹಿಡದಾಗ, ಅದ ಬಣ್ಣದಾಂವ ನಾ ಅಲ್ಲೇ ಕುಂತಿದ್ದೆ. ನನ್ನನ್ನ ಯಾರೂ ಡಿಕಾಕ್ಷನ್ ಅನ್ನಲಿಲ್ಲ. ಶಿರಾ ಕೊಟ್ರು."

"ಏಯ್, ಏನು ಹಚ್ಚೀಯೋ ಮಂದಿ ಮುಂದ?"

"ಮಂದಿ ಮುಂದನ ಹೇಳಬೇಕು. ನೀ ಮಂದಿ ಮುಂದನ ಅಂದಿ, ನಾ ಮಂದಿ ಮುಂದನ ಸುಮ್ಮನ ಕುಂತಿದ್ದೆ. ತಪ್ಪು ನನ್ನದು." ಅವನು ಶಾಂಭವಿಯ ಕಡೆ ಕೈ ತೋರಿಸಿದ. "ಆ ಫೋಟೋ ಮೋಸ ಅಲ್ಲ, ಮಾನಿಟರ್ ಕೆಟ್ಟಿತ್ತು. ಕೆಟ್ಟಿರದಿದ್ರೂ, ಬೇಕಂತ ಮಾಡಿದ್ರೂ, ಮಾಡೋ ಹಂಗ ಮಾಡಿದವರು ನಾವು. ನಾ ಲಗ್ನ ಆದ್ರ ಇಕೀನ್ನ ಆಗಾಂವ. ಇಕಿ ಒಪ್ಪಿದ್ರ."

ಹನುಮಂತರಾಯರ ಬಾಯಿ ತೆರೆದೇ ಇತ್ತು.

ಗುಂಡಮ್ಮ ಕರಗಿದಳು ಎಂದುಕೊಂಡಿರಾ? ಗುಂಡಮ್ಮ ಅಂಥ ಹೆಂಗಸಲ್ಲ! "ಈ ಕರೆವ್ವ ನನ್ನ ಮನಿಯೊಳಗ ಕಾಲಿಟ್ರ, ಅವತ್ತ ನನ್ನ ಹೆಣ ಎತ್ತು!" ಎಂದು ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದಳು. ಅಲ್ಲಿ ನಿಂತು ತಿರುಗಿದಳು.

"ಹುಲಗ್ಯಾ, ನಡಿ. ಹೋಗೂಣು."

ಶಾಂಭವಿ ಕಣ್ಣು ಮುಚ್ಚಿಕೊಂಡಳು. ಇದೇ ಮಾತು. ಈಗ ಏಳುತ್ತಾನೆ. ಎದ್ದೇ ಏಳುತ್ತಾನೆ. ಎಲ್ಲರೂ ಏಳುತ್ತಾರೆ…

ಸ್ಟೂಲಿನ ಸದ್ದು ಬರಲಿಲ್ಲ. ಗುಂಡಮ್ಮನ ಚಪ್ಪಲಿಯ ಸದ್ದು ಮಾತ್ರ ಮೆಟ್ಟಿಲಿಳಿದು ದೂರವಾಯಿತು.

ಕಣ್ಣು ತೆರೆದಾಗ ಅವನು ದೀಪದ ಕೆಳಗೆ, ಸ್ಟೂಲಿನ ಮೇಲೆ, ಹಾಗೇ ಕೂತಿದ್ದ. ಕಣ್ಣಲ್ಲಿ ನೀರು ತುಂಬಿತ್ತು. ತಾಯಿ ಹೋದ ಬಾಗಿಲನ್ನೇ ನೋಡುತ್ತಿದ್ದ.

ಹನುಮಂತರಾಯರಿಗೆ ಕೊನೆಗೂ ಬುದ್ಧಿ ಓಡಿತು. "ಪದಂಡಿ, ಚಾಯ್ ತಾಗುದಾಂ!" ನಡೆಯಿರಿ, ಚಹಾ ಕುಡಿಯೋಣ ಎಂದು ಗಿರಾಕಿಗಳನ್ನೆಲ್ಲ ಎದುರಿನ ಹೋಟೆಲಿಗೆ ಹೊರಡಿಸಿಕೊಂಡು ಹೋದರು.

"ಹೋಗಲಿಲ್ಲ ಯಾಕ?" ಶಾಂಭವಿಯ ದನಿ ಒಡೆದಿತ್ತು.

"ನನ್ನ ಬಾಯಿ ಕೆಲಸಕ್ಕ ಬಂತೋ ಇಲ್ಲೋ, ಕೇಳೂಣು ಅಂತ."

ಅವಳು ನಗಲಿಲ್ಲ. "ನಿಮ್ಮ ಅವ್ವ ಬದಲಾಗಂಗಿಲ್ರಿ."

"ಇಲ್ಲ. ಅಪ್ಪನ ಕೂಡ ಒಮ್ಮೆ ಒಂದು ವರ್ಷ ಮಾತು ಬಿಟ್ಟಿದ್ಲು. ನನ್ನ ಕೂಡ ಇನ್ನೂ ಹೆಚ್ಚು ಬಿಡ್ತಾಳ."

"ನಾ ಬಂದ್ರ ದಿನಾ ಅಂತಾರ. ಡಿಕಾಕ್ಷನ್, ಕರೆವ್ವ…"

"ಅಂತಾಳ." ಅವನು ಸುಳ್ಳು ಭರವಸೆ ಕೊಡಲಿಲ್ಲ. "ಅಂದಾಗೆಲ್ಲ ನಾ ಅಲ್ಲೇ ಇರ್ತೀನಿ. ಎದ್ದು ಹೋಗಂಗಿಲ್ಲ. ಸುಮ್ಮನೂ ಕೂಡಂಗಿಲ್ಲ."

ಶಾಂಭವಿ ಪರದೆಯ ಕಡೆ ತಿರುಗಿದಳು. ವಾರಂಗಲ್ಲಿನ ಹುಡುಗಿಯನ್ನು ಮೆಲ್ಲಗೆ ಬದಿಗೆ ಸರಿಸಿ ಅಳಿಸಿದಳು. ಪಾಪ, ಆಕೆಯದೇನು ತಪ್ಪು! ಅವನೊಬ್ಬನೇ ಉಳಿದ. ಅಗಲ ಹಣೆ, ಸೊಟ್ಟ ಮೂಗು, ಮುಂದೆ ಬಂದ ಹಲ್ಲು. ಒಂದನ್ನೂ ಮುಟ್ಟದೆ ಹಾಗೇ ಉಳಿಸಿದಳು.

"ಆದಿತ್ಯವಾರ ಬೀದರಿನವರು ಮಧ್ಯಾಹ್ನಕ್ಕ ಬರ್ತಾರ," ಎಂದಳು, ಅವನ ಕಡೆ ನೋಡದೆ.

"ನಾ ಮುಂಜಾನೇನ ಬರ್ತೀನಿ. ನಿಮ್ಮ ಅಪ್ಪಗ ಕೈಮುಗಿದು ಕೇಳ್ತೀನಿ."

"ನೀವೊಬ್ಬರ?"

"ನಾ ಒಬ್ಬನ."

ಅವಳ ಕಣ್ಣಿಂದ ಇಷ್ಟು ದಿನ ತಡೆದಿಟ್ಟದ್ದೆಲ್ಲ ಇಳಿಯಿತು. ಅಳುತ್ತಲೇ ಅವನ ಕಡೆ ತಿರುಗಿದಳು.

"ಅವತ್ತು ಶಿರಾ ಮುಟ್ಟದ ಎದ್ದು ಹೋದ್ರಿ. ಅವ್ವ ಅದನ್ನ ಓಣಿ ದನಕ್ಕ ಹಾಕಿದ್ಲು. ನಾ ಮಾಡಿದ್ದು ಅದು, ಗೊತ್ತೈತೇನು?"

"ಈ ಸಲ ಪೂರಾ ತಿಂದು ತಟ್ಟೀನೂ ತೊಳದು ಕೊಡ್ತೀನಿ."

"ತೊಳಿಯೂದು ಬ್ಯಾಡ," ಶಾಂಭವಿ ಮೂಗೊರೆಸಿಕೊಂಡಳು. "ಉಣ್ರಿ ಸಾಕು."